ಕೆಡವೋದಾ, ಬಿಚ್ಚೋದಾ? ಹಿತ್ತಲ ಹಳೇ ಗರಾಜ್ ತೆಗೆಸುವ ಮುನ್ನ

ನಿಮ್ಮ ಮನೆಯ ಹಿಂದೆಯೂ ಅಂಥದ್ದೊಂದು ಗರಾಜ್ ಇರಬಹುದು. ಒಂದು ಕಡೆಗೆ ವಾಲಿದ ಗೋಡೆ, ಮಳೆ ಬಂದರೆ ಒಳಗೇ ನಿಲ್ಲುವ ನೀರು, ಬಾಗಿಲು ಎತ್ತಿದಾಗಲೆಲ್ಲ ನರಳುವ ಸ್ಪ್ರಿಂಗು. ಡೆಸ್ ಪ್ಲೇನ್ಸ್, ಮೌಂಟ್ ಪ್ರಾಸ್ಪೆಕ್ಟ್, ಪಾರ್ಕ್ ರಿಡ್ಜ್ ಕಡೆ 1950ರ ದಶಕದ ಮನೆ ಕೊಂಡವರಿಗೆಲ್ಲ ಪರಿಚಯವಿರುವ ಚಿತ್ರ ಇದು. ನಾವೂ ಐದು ವರ್ಷ "ಮುಂದಿನ ಬೇಸಿಗೆಗೆ ನೋಡೋಣ" ಎನ್ನುತ್ತಲೇ ಇದ್ದೆವು. ಒಂದು ದಿನ ಮಗ ಸೈಕಲ್ ತರಲು ಒಳಗೆ ಹೋದಾಗ ಮೇಲಿಂದ ಒಂದು ಹಲಗೆ ಕಳಚಿ ಬಿತ್ತು. ಅವನಿಗೆ ಏನೂ ಆಗಲಿಲ್ಲ. ಆದರೆ ಅಂದೇ ಸಂಜೆ ನಿರ್ಧಾರವಾಯಿತು.

ಆ ಬೇಸಿಗೆಗೆ ಊರಿನಿಂದ ಅತ್ತೆ ಬಂದಿದ್ದರು. "ಗರಾಜ್ ತೆಗೆಸ್ತಾ ಇದ್ದೀವಿ" ಎಂದರೆ ಮೊದಲು ಅವರಿಗೆ ಅರ್ಥವೇ ಆಗಲಿಲ್ಲ. ಸಾಗರದಲ್ಲಿ ಗ್ಯಾರೇಜು ಎಂದರೆ ಬೈಕ್ ರಿಪೇರಿ ಮಾಡುವ ಜಾಗ. ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಒಂದು ಸುತ್ತು ಹಾಕಿದರು, ಬಾಗಿಲ ಚೌಕಟ್ಟಿನ ಮರವನ್ನು ಬೆರಳಿನಿಂದ ಕುಟ್ಟಿ ನೋಡಿದರು. ಆಮೇಲೆ ಕೇಳಿದರು: "ಇದನ್ನ ಕೆಡವ್ತೀರಾ, ಬಿಚ್ತೀರಾ?"

"ಎರಡೂ ಸೇಮ್ ಅಲ್ವಾ ಅಜ್ಜಿ?" ಎಂದ ಒಂಬತ್ತು ವರ್ಷದ ಮಗ.

"ಅದು ಹೆಂಗೆ ಒಂದೇ ಆಗ್ತದೆ ಮಾರಾಯ? ಕೆಡವೋದು ಅಂದ್ರೆ ಬೀಳ್ಸೋದು. ಬಿಚ್ಚೋದು ಅಂದ್ರೆ ಅಂಗಿ ಗುಂಡಿ ಬಿಚ್ಚಿದ ಹಾಗೆ, ಒಂದೊಂದೇ."

ಅತ್ತೆಗೆ ಈ ವ್ಯತ್ಯಾಸ ಗೊತ್ತಿರುವುದಕ್ಕೆ ಕಾರಣವಿದೆ. ಅವರು ಚಿಕ್ಕವರಿದ್ದಾಗ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದರು. 1964ರಲ್ಲಿ ಅದು ಮುಗಿಯುವ ಹೊತ್ತಿಗೆ ಹಿನ್ನೀರಿನ ಊರುಗಳವರು ಜಾಗ ಬಿಡಬೇಕಾಯಿತು. ಅವರ ಅಪ್ಪ ಮನೆಯ ಹೆಂಚು ಇಳಿಸಿ, ರೀಪು, ಪಕಾಸು, ತೊಲೆ, ಕಂಬ ಎಲ್ಲವನ್ನೂ ಒಂದೊಂದಾಗಿ ಬಿಚ್ಚಿಸಿ ಗಾಡಿಯಲ್ಲಿ ಸಾಗಿಸಿದರಂತೆ. ಹೊಸ ಜಾಗದಲ್ಲಿ ಎದ್ದ ಮನೆಗೆ ಅದೇ ಕಂಬ, ಅದೇ ಮುಂಬಾಗಿಲು. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡಿದವರಿಗೆ ಇದು ಕಣ್ಣಿಗೆ ಕಟ್ಟೀತು. ವಿಜಯನಾಥ ಶೆಣೈ ಅವರು ಬಿದ್ದುಹೋಗಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ಊರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗಿ.

ಸರಿ, ಮತ್ತೆ ಡೆಸ್ ಪ್ಲೇನ್ಸ್‌ಗೆ ಬರೋಣ. ಇಲ್ಲಿನ ಕಾಂಟ್ರಾಕ್ಟರುಗಳಿಗೂ ಎರಡು ಪದಗಳಿವೆ: ಡೆಮಾಲಿಷನ್, ಡಿಕನ್‌ಸ್ಟ್ರಕ್ಷನ್. ನೀವು ಫೋನ್ ಮಾಡಿ "ಗರಾಜ್ ತೆಗೆಯಬೇಕು" ಎಂದಷ್ಟೇ ಹೇಳಿದರೆ ಮೊದಲನೆಯದಕ್ಕೆ ಬೆಲೆ ಬರುತ್ತದೆ. ಎರಡನೆಯದು ಬೇಕಾದರೆ ನೀವೇ ಕೇಳಬೇಕು.

ಯಂತ್ರವೋ, ಕೈಯೋ

ಯಂತ್ರದ ಕೆಲಸ ಸರಳ. ಎಕ್ಸ್‌ಕವೇಟರ್ ಬರುತ್ತದೆ, ಚಾವಣಿಯನ್ನು ಒಳಕ್ಕೆ ತಳ್ಳುತ್ತದೆ, ಗೋಡೆಗಳನ್ನು ಅದರ ಮೇಲೆ ಮಡಚುತ್ತದೆ, ಹಿಡಿಹಿಡಿಯಾಗಿ ಎತ್ತಿ ಡಂಪ್‌ಸ್ಟರಿಗೆ ಹಾಕುತ್ತದೆ. ಎರಡು ಕಾರಿನ ಮರದ ಗರಾಜ್ ಬೆಳಿಗ್ಗೆ ನಿಂತಿದ್ದದ್ದು ಮಧ್ಯಾಹ್ನಕ್ಕೆ ಇರುವುದಿಲ್ಲ. ಮನೆಯಾದರೂ ಬೀಳಿಸಲು ಒಂದೆರಡು ದಿನ ಸಾಕು. ತಳಪಾಯ ಕಿತ್ತು, ಸಾಗಿಸಿ, ಗುಂಡಿ ಮುಚ್ಚುವುದಕ್ಕೇ ಹೆಚ್ಚು ಸಮಯ. ಆದರೆ ಯಂತ್ರ ಹಿತ್ತಲಿಗೆ ಬರಲು ದಾರಿ ಬೇಕು. ನಿಮ್ಮ ಮನೆಗೂ ಪಕ್ಕದವರ ಬೇಲಿಗೂ ನಡುವೆ ಎಷ್ಟು ಅಡಿ ಇದೆ ಎಂದು ಟೇಪ್ ಹಿಡಿದು ಅಳೆಯಿರಿ. ಡ್ರೈವ್‌ವೇ ಮೇಲೆ ತೂಕದ ಯಂತ್ರ ಓಡಿದರೆ ಅದು ಬಿರುಕು ಬಿಡಬಹುದು. ಪ್ಲೈವುಡ್ ಹಾಸುತ್ತೀರಾ ಎಂದು ಮೊದಲೇ ಕೇಳಿ ಬರೆಸಿಕೊಳ್ಳಿ.

ಬಿಚ್ಚುವ ಕೆಲಸ ಕಟ್ಟಿದ್ದರ ತಿರುಗುಮುರುಗು. ಕೊನೆಗೆ ಹಾಕಿದ್ದು ಮೊದಲು ಬರಬೇಕು: ಬಾಗಿಲು, ಕಿಟಕಿ, ಶಿಂಗಲ್ಸ್, ಅದರ ಕೆಳಗಿನ ಹಲಗೆ, ರಾಫ್ಟರು, ಆಮೇಲೆ ಗೋಡೆ. ಜನ ಹೆಚ್ಚು, ದಿನ ಹೆಚ್ಚು, ಹಾಗಾಗಿ ಕೂಲಿ ಹೆಚ್ಚು. ಕೈಗೆ ಸಿಗುವ ಸಾಮಾನೂ ಹೆಚ್ಚು. ಯುದ್ಧದ ನಂತರದ ವರ್ಷಗಳಲ್ಲಿ ಕಟ್ಟಿದ ಗರಾಜುಗಳಲ್ಲಿ ಪ್ಲೈವುಡ್ ಬದಲು ಉದ್ದನೆಯ ಗಟ್ಟಿ ಹಲಗೆಗಳೇ ಇರುವುದುಂಟು. ಅತ್ತೆ ಕುಟ್ಟಿ ನೋಡಿದ್ದು ಸುಮ್ಮನೆ ಅಲ್ಲ.

ಮನೆಯಾದರೆ ಈ ಆಯ್ಕೆ ಪೂರ್ತಿ ನಿಮ್ಮ ಕೈಯಲ್ಲಿಲ್ಲ. ಕುಕ್ ಕೌಂಟಿಯಲ್ಲಿ 2012ರ ನವೆಂಬರಿನಿಂದ ಒಂದು ಕಾನೂನಿದೆ. ಷಿಕಾಗೋ ನಗರದ ಹೊರಗಿನ ಉಪನಗರಗಳಲ್ಲಿ ಮನೆ ಕೆಡವಿದರೆ ಬಂದ ಅವಶೇಷದಲ್ಲಿ ತೂಕದ ಲೆಕ್ಕದಲ್ಲಿ ಶೇ. 70ರಷ್ಟು ಮರುಬಳಕೆಗೆ ಹೋಗಬೇಕು; ವಾಸದ ಕಟ್ಟಡವಾದರೆ ಶೇ. 5ರಷ್ಟು ಇದ್ದ ರೂಪದಲ್ಲೇ ಇನ್ನೊಬ್ಬರ ಉಪಯೋಗಕ್ಕೆ ಹೋಗಬೇಕು. ಕಾಂಕ್ರೀಟು, ಇಟ್ಟಿಗೆ ತೂಕದವು, ಅವನ್ನು ಪುಡಿಮಾಡಿ ಮತ್ತೆ ಬಳಸುತ್ತಾರೆ, ಆದ್ದರಿಂದ 70 ಕಷ್ಟವಲ್ಲ. ಆ 5ಕ್ಕಾಗಿ ಯಾರಾದರೂ ಬಾಗಿಲು, ಕಪಾಟು, ನೆಲದ ಹಲಗೆ ಬಿಚ್ಚಲೇಬೇಕು. ಒರೆಗಾನಿನ ಪೋರ್ಟ್‌ಲ್ಯಾಂಡ್ ಇನ್ನೂ ಮುಂದೆ ಹೋಗಿದೆ: 1940 ಅಥವಾ ಅದಕ್ಕೂ ಮೊದಲು ಕಟ್ಟಿದ ಮನೆಯನ್ನು ಅಲ್ಲಿ ಯಂತ್ರದಿಂದ ಒಡೆಯುವಂತಿಲ್ಲ, ಬಿಚ್ಚಬೇಕು.

ನಾವು ಮಾಡಿದ್ದು ನಡುವಿನ ದಾರಿ. ಒಳ್ಳೆಯದನ್ನು ಮೊದಲು ಕೈಯಿಂದ ಬಿಚ್ಚಿ, ಉಳಿದದ್ದನ್ನು ಯಂತ್ರಕ್ಕೆ ಬಿಟ್ಟೆವು. ಹೆಚ್ಚಿನವರಿಗೆ ಇದೇ ಸರಿ ಎಂಬುದು ನನ್ನ ಅಭಿಪ್ರಾಯ. ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿಯ ರೀಸ್ಟೋರ್ ಅಂಗಡಿಗಳು ಒಳ್ಳೆಯ ಸ್ಥಿತಿಯ ಬಾಗಿಲು, ಕಿಟಕಿ, ಕಪಾಟು ತೆಗೆದುಕೊಳ್ಳುತ್ತವೆ. ಎವನ್‌ಸ್ಟನ್‌ನ ರೀಬಿಲ್ಡಿಂಗ್ ಎಕ್ಸ್‌ಚೇಂಜ್ ಕೂಡ ಇದೇ ಕೆಲಸ ಮಾಡುತ್ತದೆ. ಬಿಚ್ಚುವ ಮುಂಚೆಯೇ ಫೋಟೋ ಕಳಿಸಿ ಕೇಳಿ. ಬಿಚ್ಚಿದ ಮೇಲೆ "ಬೇಡ" ಎಂದರೆ ಅದು ನಿಮ್ಮ ಡ್ರೈವ್‌ವೇನಲ್ಲೇ ಕೂರುತ್ತದೆ. ಕೊಟ್ಟಿದ್ದಕ್ಕೆ ತೆರಿಗೆ ವಿನಾಯಿತಿ ಇದೆ, ಆದರೆ 5,000 ಡಾಲರ್ ಮೀರಿದರೆ ಅರ್ಹ ಮೌಲ್ಯಮಾಪಕರ ವರದಿ ಮತ್ತು ಫಾರ್ಮ್ 8283 ಬೇಕು. "ಇಡೀ ಮನೆಯನ್ನೇ ದಾನ ಮಾಡಿದೆವು" ಎಂದು ದೊಡ್ಡ ಮೊತ್ತ ಬರೆದ ಮೇರಿಲ್ಯಾಂಡ್ ದಂಪತಿಯೊಬ್ಬರು 2021ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲೂ ಸೋತರು. ಯಾರಾದರೂ ಕಾಂಟ್ರಾಕ್ಟರ್ "ಟ್ಯಾಕ್ಸ್‌ನಲ್ಲೇ ಖರ್ಚೆಲ್ಲ ವಾಪಸ್ ಬರುತ್ತೆ" ಎಂದರೆ ನಿಮ್ಮ ಸಿಪಿಎ ಹತ್ತಿರ ಕೇಳಿ, ಅವನ ಹತ್ತಿರ ಅಲ್ಲ.

ಒಂದು ಎಚ್ಚರಿಕೆ. ನೀವೇ ಶನಿವಾರ ಸುತ್ತಿಗೆ ಹಿಡಿದು ಇಳಿಯುವ ಯೋಚನೆ ಇದ್ದರೆ ಗರಾಜ್ ಬಾಗಿಲಿನ ಮೇಲಿರುವ ಸ್ಪ್ರಿಂಗನ್ನು ಮುಟ್ಟಬೇಡಿ. ಇಡೀ ಬಾಗಿಲಿನ ಭಾರ ಎತ್ತುವ ಬಿಗಿತ ಅದರಲ್ಲಿ ಇರುತ್ತದೆ. ಅದನ್ನು ಸಡಿಲಿಸಲು ಬಲ್ಲವರನ್ನೇ ಕರೆಯಿರಿ.

ಧೂಳು

ಮಕ್ಕಳಿರುವ ಮನೆಯವರು ಬೆಲೆಗಿಂತ ಮೊದಲು ಕೇಳಬೇಕಾದ್ದು ಧೂಳಿನ ಬಗ್ಗೆ. ಅಮೆರಿಕದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ನಿಷೇಧವಾದದ್ದು 1978ರಲ್ಲಿ. ಅದಕ್ಕಿಂತ ಹಿಂದಿನ ಗರಾಜ್, ಮನೆ ಯಾವುದೇ ಆಗಲಿ, ಬಣ್ಣದ ಒಂದಲ್ಲ ಒಂದು ಪದರದಲ್ಲಿ ಸೀಸ ಇರಬಹುದು. ಬಣ್ಣ ಗೋಡೆಯ ಮೇಲೆ ಗಟ್ಟಿಯಾಗಿ ಕೂತಿರುವಾಗ ತೊಂದರೆ ಕಡಿಮೆ. ಒಡೆದಾಗ ಅದು ಪುಡಿಯಾಗಿ ಹುಲ್ಲಿನ ಮೇಲೆ, ಮರಳಿನ ಗುಂಡಿಯಲ್ಲಿ, ಕಿಟಕಿಯ ದಂಡೆಯ ಮೇಲೆ ಕೂರುತ್ತದೆ. ತೆವಳುವ ಮಗು ಕೈಯನ್ನು ಬಾಯಿಗೆ ಹಾಕುತ್ತದೆ. ಆರು ವರ್ಷದೊಳಗಿನ ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಮಾಡುವ ಹಾನಿ ಹೆಚ್ಚು, ಅದು ಹಿಂದಕ್ಕೆ ಬರುವ ಹಾನಿಯಲ್ಲ.

ಇದು ಕೇವಲ ಭಯವಲ್ಲ ಎನ್ನುವುದಕ್ಕೆ ಡೆಟ್ರಾಯಿಟ್ ಕಡೆಯ ಓದುಗರಿಗೆ ಉದಾಹರಣೆ ಬೇಕಿಲ್ಲ. ಆ ನಗರ ಸಾವಿರಾರು ಖಾಲಿ ಮನೆಗಳನ್ನು ಕೆಡವಿತು. ನಗರದ ಆರೋಗ್ಯ ಇಲಾಖೆಯೇ ಅಧ್ಯಯನ ಮಾಡಿದಾಗ, ಕೆಡವುವ ಜಾಗದ 400 ಅಡಿ ಒಳಗೆ ವಾಸಿಸುವ ಚಿಕ್ಕ ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣ ಹೆಚ್ಚಿರುವ ಸಂಭವ ಜಾಸ್ತಿ ಎಂದು ಕಂಡಿತು. 2018ರ ಬೇಸಿಗೆಯಲ್ಲಿ, ಮಕ್ಕಳು ಹೊರಗೆ ಆಡುವ ತಿಂಗಳುಗಳಲ್ಲಿ, ಕೆಲವು ಬಡಾವಣೆಗಳಲ್ಲಿ ಕೆಡವುವುದನ್ನೇ ನಿಲ್ಲಿಸಿದರು. ನಮ್ಮ ಷಿಕಾಗೋದ್ದು ಇನ್ನೂ ಕಣ್ಣಿಗೆ ಕಾಣುವ ಪ್ರಸಂಗ: 2020ರ ಏಪ್ರಿಲ್ 11ರಂದು ಲಿಟ್ಲ್ ವಿಲೇಜ್‌ನ ಹಳೆಯ ಕ್ರಾಫರ್ಡ್ ವಿದ್ಯುತ್ ಸ್ಥಾವರದ ಚಿಮಣಿಯನ್ನು ಸಿಡಿಮದ್ದು ಇಟ್ಟು ಉರುಳಿಸಿದರು. ಧೂಳಿನ ಮೋಡ ಇಡೀ ಬಡಾವಣೆಯನ್ನು ಮುಚ್ಚಿತು, ಅದೂ ಕೋವಿಡ್ ಕಾಲದಲ್ಲಿ. ನಿಮ್ಮ ಗರಾಜಿಗೆ ಯಾರೂ ಸಿಡಿಮದ್ದು ಇಡುವುದಿಲ್ಲ. ಆದರೂ "ನೀರು ಹೊಡೆಯುತ್ತೀರಾ? ಯಾವಾಗ, ಎಲ್ಲಿಂದ ಪೈಪ್?" ಎಂಬ ಪ್ರಶ್ನೆ ಚಿಕ್ಕ ಕೆಲಸಕ್ಕೂ ಅನ್ವಯಿಸುತ್ತದೆ. ಒಡೆಯುವ ಮುಂಚೆ, ಒಡೆಯುವಾಗ, ಲೋಡ್ ಮಾಡುವಾಗ, ಮೂರೂ ಹೊತ್ತು ನೀರು ಬೀಳಬೇಕು. ನಾನು ಮಾತಾಡಿದ ಒಬ್ಬರು "ಗರಾಜಿಗೆಲ್ಲ ಯಾರು ಮೇಡಂ ನೀರು ಹೊಡೀತಾರೆ?" ಎಂದು ನಕ್ಕರು. ಅವರ ಬೆಲೆ ಎಲ್ಲರಿಗಿಂತ ಕಡಿಮೆ ಇತ್ತು. ಅವರನ್ನು ಅಲ್ಲಿಗೇ ಬಿಟ್ಟೆ.

ಇನ್ನೊಂದು ಕಲ್ನಾರು, ಊರಿನಲ್ಲಿ ನಾವು "ಶೀಟು" ಎನ್ನುವ ಆಸ್ಬೆಸ್ಟಾಸ್. ಹಳೆಯ ಮನೆಯಲ್ಲಿ ಅದು ಒಂಬತ್ತು ಇಂಚಿನ ಚೌಕದ ನೆಲದ ಟೈಲುಗಳಲ್ಲಿ, ಬಾಯ್ಲರ್ ಪೈಪಿನ ಸುತ್ತಿನಲ್ಲಿ, ಹೊರಗೋಡೆಯ ಸಿಮೆಂಟ್ ಹಲಗೆಗಳಲ್ಲಿ, ಅಟ್ಟದ ವರ್ಮಿಕ್ಯುಲೈಟ್ ಹರಳುಗಳಲ್ಲಿ ಇರಬಹುದು. ನೋಡಿ ಹೇಳಲಾಗುವುದಿಲ್ಲ, ಲ್ಯಾಬ್‌ಗೆ ಕಳಿಸಬೇಕು. ಕೆಡವುವವರೇ ತಪಾಸಣೆಯನ್ನೂ ಮಾಡಿಕೊಡುತ್ತೇವೆ ಎಂದರೆ ಬೇಡ ಅನ್ನಿ. ಇಲಿನಾಯ್ ಆರೋಗ್ಯ ಇಲಾಖೆಯ ಲೈಸೆನ್ಸ್ ಇರುವ, ಈ ಕೆಲಸದಲ್ಲಿ ಬೇರೆ ಲಾಭವಿಲ್ಲದ ಒಬ್ಬರನ್ನು ಕರೆಯಿರಿ.

ಕೆಲಸದ ದಿನ ನಾವು ಕಿಟಕಿ ಮುಚ್ಚಿ, ಎಸಿ ನಿಲ್ಲಿಸಿ, ಮೆಂತ್ಯ-ಕೊತ್ತಂಬರಿ ಪಾತಿಗೆ ಪ್ಲಾಸ್ಟಿಕ್ ಹೊದಿಸಿದೆವು. ಹೊರಗಿನ ಆಟಿಕೆ ಎಲ್ಲ ಬೇಸ್‌ಮೆಂಟಿಗೆ ಹೋದವು. ಪಕ್ಕದ ಮನೆಯಲ್ಲಿ ಹತ್ತು ತಿಂಗಳ ಮಗು ಇದ್ದುದರಿಂದ ಅವರಿಗೆ ಒಂದು ವಾರ ಮೊದಲೇ ದಿನ, ಸಮಯ ತಿಳಿಸಿದೆವು. ಮೂರು ವರ್ಷದ ಮಗಳನ್ನು ಷಾಂಬರ್ಗ್‌ನ ಗೆಳತಿಯ ಮನೆಗೆ ಕಳಿಸಿದೆ. ನಿಮ್ಮ ಮನೆಯಲ್ಲೂ ಚಿಕ್ಕವರಿದ್ದರೆ ಮಕ್ಕಳ ಡಾಕ್ಟರಿಗೆ ಒಂದು ಮಾತು ಹೇಳಿ, ಸೀಸದ ರಕ್ತಪರೀಕ್ಷೆ ಬೇಕೇ ಎಂದು ಅವರು ನಿರ್ಧರಿಸುತ್ತಾರೆ.

ಕಾಗದ, ಮತ್ತು ಜೂಲಿ ಆಂಟಿ

ಮೊದಲು ನಿಮ್ಮ ಮನೆ ನಿಜವಾಗಿ ಯಾವ ಊರಿನಲ್ಲಿದೆ ಎಂದು ನೋಡಿಕೊಳ್ಳಿ. ತಮಾಷೆಯಲ್ಲ. ವಿಳಾಸದಲ್ಲಿ ಡೆಸ್ ಪ್ಲೇನ್ಸ್ ಎಂದಿದ್ದರೂ ಮೇನ್ ಟೌನ್‌ಶಿಪ್‌ನ ಎಷ್ಟೋ ಮನೆಗಳು ನಗರದ ಗಡಿಯೊಳಗಿಲ್ಲ; ಅವರಿಗೆ ಕಟ್ಟಡದ ಪರ್ಮಿಟ್ ಕೊಡುವುದು ಕುಕ್ ಕೌಂಟಿ. ನಗರದೊಳಗಿದ್ದರೆ ಮೈನರ್ ಸ್ಟ್ರೀಟ್‌ನ ಸಿಟಿ ಹಾಲ್. ಮನೆ ಕೆಡವುವುದಾದರೆ ನಗರದ ಪರ್ಮಿಟ್ ಜೊತೆಗೆ ಕೌಂಟಿಯ ಪರಿಸರ ಇಲಾಖೆಯ ಪರ್ಮಿಟ್ಟೂ ಬೇಕು, ಕಲ್ನಾರು ತಪಾಸಣೆ ಅದರೊಳಗೇ ಬರುತ್ತದೆ. ಗರಾಜಿಗೆ ಏನೇನು ಬೇಕೆಂದು ಕೌಂಟರಿನಲ್ಲೇ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ.

ಅದೇ ಕೌಂಟರಿನಲ್ಲಿ ಇನ್ನೊಂದು ಪ್ರಶ್ನೆ, ಬಹಳ ಜನ ಮರೆಯುವಂಥದ್ದು: "ಇದನ್ನು ತೆಗೆದರೆ ಅದೇ ಜಾಗದಲ್ಲಿ ಮತ್ತೆ ಕಟ್ಟಬಹುದಾ?" ಹಳೆಯ ಗರಾಜುಗಳು ಬೇಲಿಗೆ ಅಂಟಿಕೊಂಡೇ ಇರುತ್ತವೆ. ಆಗಿನ ನಿಯಮಕ್ಕೆ ಅದು ಸರಿ, ನಿಂತಿರುವ ತನಕ ಯಾರೂ ಕೇಳುವುದಿಲ್ಲ. ಒಮ್ಮೆ ತೆಗೆದರೆ ಹೊಸದಕ್ಕೆ ಈಗಿನ ನಿಯಮ. ಬೇಲಿಯಿಂದ ಇಷ್ಟು ಅಡಿ ಒಳಗೆ ಬರಬೇಕು ಎನ್ನುತ್ತಾರೆ, ಆಗ ಎರಡು ಕಾರಿನ ಜಾಗ ಒಂದೂವರೆ ಕಾರಿನದಾಗುತ್ತದೆ. ನದಿಯ ಹತ್ತಿರವಿದ್ದರೆ ನೆರೆ ನಕ್ಷೆಯನ್ನೂ ನೋಡಬೇಕು. ಡೆಸ್ ಪ್ಲೇನ್ಸ್ ನದಿ ಎಂಥದ್ದೆಂದು ಮಕ್ಕಳಿಗೆ ಹೇಳಲು ನಮ್ಮೂರಲ್ಲೇ ಕಥೆಯಿದೆ. ರೇ ಕ್ರಾಕ್ 1955ರ ಏಪ್ರಿಲ್ 15ರಂದು ತಮ್ಮ ಮೊದಲ ಮೆಕ್‌ಡೊನಾಲ್ಡ್ಸ್ ತೆರೆದದ್ದು ಇಲ್ಲಿಯ ಲೀ ಸ್ಟ್ರೀಟ್‌ನಲ್ಲಿ. ಆ ಮೂಲ ಕಟ್ಟಡವನ್ನು 1980ರ ದಶಕದಲ್ಲಿ ಕೆಡವಿ, ಅದರ ಪಡಿಯಚ್ಚೊಂದನ್ನು ಮ್ಯೂಸಿಯಂ ಎಂದು ಕಟ್ಟಿದರು. ಅದಕ್ಕೆ ಮತ್ತೆ ಮತ್ತೆ ನೆರೆ ನೀರು ನುಗ್ಗಿತು. 2017ರಲ್ಲಿ ಅದನ್ನೂ ಕೆಡವುವುದಾಗಿ ಕಂಪನಿ ಹೇಳಿತು, ಈಗ ಅಲ್ಲಿ ಕಟ್ಟಡವಿಲ್ಲ. "ಒಂದೇ ಅಂಗಡಿನ ಎರಡು ಸಲ ಕೆಡವಿದ್ರಾ?" ಎಂದು ಮಗನಿಗೆ ಆಶ್ಚರ್ಯ. ಕೆಡವುದು, ಕೆಡವಿದರು, ಕೆಡವಿಸಿದರು: ಆ ವಾರ ಈ ಕ್ರಿಯಾಪದದ ರೂಪಗಳೆಲ್ಲ ಪಾಠವಿಲ್ಲದೆ ಬಂದವು.

ನಂತರ 811. ನೆಲ ಅಗೆಯುವ ಮೊದಲು ಈ ಉಚಿತ ಸಂಖ್ಯೆಗೆ ಕರೆ ಮಾಡಲೇಬೇಕು. ನಮ್ಮ ಕಡೆ ಅದು ಜೂಲಿ ಎಂಬ ಸಂಸ್ಥೆಗೆ ಹೋಗುತ್ತದೆ, ಮಿಷಿಗನ್‌ನಲ್ಲಿ ಮಿಸ್ ಡಿಗ್‌ಗೆ. ಕನಿಷ್ಠ ಮೂರು ಕೆಲಸದ ದಿನ ಮುಂಚೆ ಹೇಳಬೇಕು. ಕಂಪನಿಗಳವರು ಬಂದು ನೆಲದ ಮೇಲೆ ಬಣ್ಣ ಹೊಡೆದು, ಪುಟ್ಟ ಬಾವುಟ ನೆಟ್ಟು ಹೋಗುತ್ತಾರೆ. ನಮ್ಮ ಮನೆಯಲ್ಲಿ "ಜೂಲಿ ಆಂಟಿ ಯಾವಾಗ ಬರ್ತಾರೆ?" ಎಂದು ಮಗಳು ಎರಡು ದಿನ ಕಿಟಕಿಯಲ್ಲೇ ಕೂತಿದ್ದಳು. ಬಾವುಟ ಬಂದ ಮೇಲೆ ಅಜ್ಜಿಯ ಜೊತೆ ಲೆಕ್ಕ ಶುರು: ಕೆಂಪು ಕರೆಂಟು, ಹಳದಿ ಗ್ಯಾಸು, ನೀಲಿ ನೀರು, ಹಸಿರು ಚರಂಡಿ, ಕಿತ್ತಳೆ ಫೋನು ಮತ್ತು ಇಂಟರ್‌ನೆಟ್ಟು. "ಆರೆಂಜ್" ಎನ್ನುತ್ತಿದ್ದವಳು ಈಗಲೂ ರಸ್ತೆಬದಿಯಲ್ಲಿ ಅಂಥ ಬಾವುಟ ಕಂಡರೆ "ಕಿತ್ತಳೆ, ಇಂಟರ್‌ನೆಟ್" ಎಂದು ಕೂಗುತ್ತಾಳೆ. ಬಿಳಿ ಬಣ್ಣ ಮಾತ್ರ ನೀವು ಅಥವಾ ಕಾಂಟ್ರಾಕ್ಟರ್ ಹಾಕುವುದು, ಎಲ್ಲಿ ಅಗೆಯುತ್ತೀರಿ ಎಂದು ತೋರಿಸಲು.

ಆದರೆ ಇಲ್ಲಿ ನಾವು ಎಡವಿದೆವು. ಜೂಲಿಯವರು ಗುರುತು ಹಾಕುವುದು ಕಂಪನಿಗಳ ಲೈನುಗಳನ್ನು ಮಾತ್ರ. ಮೀಟರಿನಿಂದ ಈಚೆಗೆ ನಿಮ್ಮದೇ ಮನೆಯಿಂದ ಗರಾಜಿಗೆ ಹೋಗುವ ಕೇಬಲ್ ಖಾಸಗಿ. ಅದಕ್ಕೆ ಬಾವುಟ ಇರುವುದಿಲ್ಲ. ಬಾವುಟ ಇಲ್ಲದ ಕಡೆ ಏನೂ ಇಲ್ಲ ಎಂದು ನಾವೂ ಅಂದುಕೊಂಡೆವು, ಯಂತ್ರದವನೂ ಅಂದುಕೊಂಡ. ಪ್ಯಾನಲ್‌ನಲ್ಲಿ "ಗರಾಜ್" ಎಂದು ಬರೆದಿದ್ದ ಬ್ರೇಕರ್ ಆಫ್ ಮಾಡಿದ್ದೆವು. ಹಿಂದಿನ ಮಾಲೀಕರು ಬೇರೆ ಬ್ರೇಕರಿನಿಂದ ಇನ್ನೊಂದು ಲೈನ್ ಎಳೆದಿದ್ದರು. ಬಕೆಟ್ ಮಣ್ಣಿಗೆ ಇಳಿದಾಗ ಒಂದು ಕಿಡಿ, ಅಡುಗೆಮನೆಯ ಅರ್ಧ ಕರೆಂಟು ಹೋಯಿತು. ಯಾರಿಗೂ ಪೆಟ್ಟಾಗಲಿಲ್ಲ. ಕೆಲಸ ಅರ್ಧ ದಿನ ನಿಂತಿತು, ಎಲೆಕ್ಟ್ರಿಷಿಯನ್ ಬಿಲ್ ಯಾರು ಕೊಡಬೇಕೆಂದು ಒಂದು ವಾರ ಮಾತುಕತೆಯಾಯಿತು. ನೀವು ಹಾಗೆ ಮಾಡಬೇಡಿ: ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ, ಗರಾಜಿನ ಕಡೆ ತಂತಿಗಳನ್ನು ಪರೀಕ್ಷಿಸಿ, ಮನೆಯ ಕಡೆಯಿಂದಲೇ ಕಳಚಿಸಿ. ಗರಾಜಿಗೆ ಗ್ಯಾಸ್ ಹೀಟರ್ ಇದ್ದರೆ ಅದರ ಪೈಪಿಗೂ ಇದೇ ಮಾತು.

ಇಡೀ ಮನೆಯಾದರೆ ಕಾಮ್‌ಎಡ್ ತಂತಿ ಇಳಿಸಬೇಕು, ನೈಕೋರ್ ಗ್ಯಾಸ್ ಸಂಪರ್ಕ ಕಡಿಯಬೇಕು, ನೀರು ಮತ್ತು ಚರಂಡಿ ಮುಚ್ಚಿದ್ದನ್ನು ನಗರದವರು ಬಂದು ನೋಡಬೇಕು. ಇವಕ್ಕೆ ವಾರಗಳೇ ಹಿಡಿಯುತ್ತವೆ, ಪರ್ಮಿಟ್‌ಗೆ ಕಾಯುವಾಗಲೇ ಅರ್ಜಿ ಹಾಕಿಬಿಡಿ. ಮನೆಯ ಮೇಲೆ ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಇಲ್ಲದೆ ಒಂದು ಇಟ್ಟಿಗೆಯನ್ನೂ ಮುಟ್ಟುವಂತಿಲ್ಲ.

ಯಾರಿಗೆ ಕೊಡುವುದು

ವಿದ್ಯಾರಣ್ಯ ಕನ್ನಡ ಕೂಟದ ಗೆಳೆಯರನ್ನು ಕೇಳಿದರೆ ಅರ್ಧ ಗಂಟೆಯಲ್ಲಿ ನಾಲ್ಕು ಹೆಸರು ಬರುತ್ತವೆ. ಡೆಟ್ರಾಯಿಟ್ ಕಡೆ ಪಂಪ ಕನ್ನಡ ಕೂಟದವರೂ ಅಷ್ಟೇ ಧಾರಾಳಿಗಳು. ಹೆಸರು ತೆಗೆದುಕೊಳ್ಳಿ, ಆದರೆ "ನಮ್ಮವರು ಹೇಳಿದ್ದಾರೆ" ಎಂದು ಕಾಗದ ನೋಡುವುದನ್ನು ಬಿಡಬೇಡಿ. ಅವರ ಡೆಕ್ ಚೆನ್ನಾಗಿ ಕಟ್ಟಿದವನು ನಿಮ್ಮ ಗರಾಜನ್ನು ಚೆನ್ನಾಗಿ ಕೆಡವುತ್ತಾನೆ ಎಂದೇನಿಲ್ಲ.

ಇಲಿನಾಯ್‌ನಲ್ಲಿ ರೂಫಿಂಗ್, ಪ್ಲಂಬಿಂಗ್ ಮಾಡುವವರಿಗೆ ರಾಜ್ಯದ ಲೈಸೆನ್ಸ್ ಇದೆ, ಸಾಮಾನ್ಯ ಕಾಂಟ್ರಾಕ್ಟರಿಗೆ ಇಲ್ಲ. ಆದ್ದರಿಂದ ಜಾಹೀರಾತಿನಲ್ಲಿ "ಸ್ಟೇಟ್ ಲೈಸೆನ್ಸ್ಡ್" ಎಂದಿದ್ದರೆ ಯಾವುದಕ್ಕೆ ಎಂದು ಕೇಳಿ. ನಿಮ್ಮ ಊರಿನಲ್ಲಿ ಕಾಂಟ್ರಾಕ್ಟರುಗಳ ನೋಂದಣಿ, ಬಾಂಡ್ ಇದೆಯೇ ಎಂಬುದನ್ನು ಪರ್ಮಿಟ್ ಕೌಂಟರಿನಲ್ಲೇ ಪರೀಕ್ಷಿಸಿ. ಮಿಷಿಗನ್ ಬೇರೆ: ಅಲ್ಲಿ ರಾಜ್ಯದ ಲೈಸೆನ್ಸ್ ಪಟ್ಟಿಯಲ್ಲಿ ಮನೆ ಕೆಡವುವುದೇ ಒಂದು ಪ್ರತ್ಯೇಕ ಕಸುಬು. ನೋವೈ, ಟ್ರಾಯ್, ಕ್ಯಾಂಟನ್ ಕಡೆಯವರು ಲಾರಾ ಇಲಾಖೆಯ ಜಾಲತಾಣದಲ್ಲಿ ಹೆಸರು ಹಾಕಿ ನೋಡಬಹುದು.

ವಿಮೆಯ ಪ್ರಮಾಣಪತ್ರವನ್ನು ಕಾಂಟ್ರಾಕ್ಟರ್ ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಲದು. ಅವರ ವಿಮಾ ಏಜೆಂಟರಿಂದ ನಿಮಗೆ ನೇರವಾಗಿ ಬರಲಿ. ಹೊಣೆಗಾರಿಕೆಯ ವಿಮೆಯಲ್ಲಿ ಕುಸಿತ ಮತ್ತು ನೆಲದಡಿಯ ಹಾನಿ ಸೇರಿದೆಯೇ, ಕೆಲಸಗಾರರ ವಿಮೆ ಇದೆಯೇ ನೋಡಿ. ನಿಮ್ಮ ಸ್ವಂತ ಮನೆ ವಿಮೆಯವರಿಗೂ ತಿಳಿಸಿ. ಖಾಲಿ ಮಾಡಿದ ಮನೆಗೆ ಎಷ್ಟೋ ಪಾಲಿಸಿಗಳು ಒಂದೆರಡು ತಿಂಗಳ ಮೇಲೆ ಪೂರ್ತಿ ರಕ್ಷಣೆ ಕೊಡುವುದಿಲ್ಲ. ಪರ್ಮಿಟ್ ಅವರ ಹೆಸರಿನಲ್ಲೇ ಇರಲಿ. "ನೀವೇ ಓನರ್ ಅಂತ ತೊಗೊಳ್ಳಿ, ಬೇಗ ಸಿಗುತ್ತೆ" ಎನ್ನುವವರಿಂದ ದೂರವಿರಿ. ಹಾಗೆ ತೊಗೊಂಡರೆ ಹೊಣೆಯೂ ನಿಮ್ಮ ತಲೆಗೆ ಬರುತ್ತದೆ.

ನಮಗೆ ಬಂದ ಮೂರು ಬಿಡ್‌ಗಳಲ್ಲಿ ಕಡಿಮೆಯದು ಹೆಚ್ಚಿನದರ ಅರ್ಧಕ್ಕಿಂತ ಸ್ವಲ್ಪ ಮೇಲೆ ಅಷ್ಟೆ. ಮೂರನ್ನೂ ಪಕ್ಕಪಕ್ಕ ಇಟ್ಟು ಓದಿದಾಗ ಗೊತ್ತಾಯಿತು, ಕಡಿಮೆಯದರಲ್ಲಿ ನೆಲದ ಕಾಂಕ್ರೀಟು ಸೇರಿರಲೇ ಇಲ್ಲ. ಅದರ ಭಾರ ನೋಡಿ: 20 ಅಡಿಗೆ 20 ಅಡಿ, ನಾಲ್ಕು ಇಂಚು ದಪ್ಪದ ಸ್ಲ್ಯಾಬ್ ಎಂದರೆ ಸುಮಾರು 133 ಘನ ಅಡಿ. ಒಂದು ಘನ ಅಡಿ ಕಾಂಕ್ರೀಟು ಹೆಚ್ಚುಕಡಿಮೆ 150 ಪೌಂಡು. ಒಟ್ಟು 20,000 ಪೌಂಡು, ಅಂದರೆ ಇಲ್ಲಿನ ಲೆಕ್ಕದಲ್ಲಿ ಹತ್ತು ಟನ್, ಅಂಚಿನ ದಪ್ಪ ತಳಪಾಯ ಬಿಟ್ಟು. (ಮಗನಿಗೆ ಈ ಗುಣಾಕಾರವನ್ನು ಕನ್ನಡದಲ್ಲೇ ಮಾಡಿಸಿದೆ. "ನೂರಾ ಮೂವತ್ಮೂರು" ಹೇಳಲು ಮೂರು ಸಲ ಬೇಕಾಯಿತು.) ಇಷ್ಟು ಭಾರ ಒಡೆದು ಸಾಗಿಸುವುದಕ್ಕೆ ಹಣ ಬೇಡವೇ? ಆದ್ದರಿಂದ ಸ್ಲ್ಯಾಬ್, ತಳಪಾಯ, ಡಂಪ್‌ಸ್ಟರಿನ ಮಿತಿ ಮೀರಿದ ತೂಕ, ಪರ್ಮಿಟ್ ಶುಲ್ಕ, ಬೇಲಿಯ ರಕ್ಷಣೆ, ತುಂಬುವ ಮಣ್ಣು, ಇವೆಲ್ಲ ಯಾರ ಲೆಕ್ಕ ಎಂದು ಒಂದೊಂದಾಗಿ ಬರೆಸಿಕೊಳ್ಳಿ.

ಮಣ್ಣಿನ ವಿಷಯ ಸಣ್ಣದೆನಿಸಬಹುದು. ಬೇಸ್‌ಮೆಂಟ್ ಇದ್ದ ಮನೆ ತೆಗೆದರೆ ಉಳಿಯುವುದು ದೊಡ್ಡ ಗುಂಡಿ. ಅದರಲ್ಲಿ ಒಡೆದ ಕಸವನ್ನೇ ತಳ್ಳಿ ಮೇಲೆ ನಾಲ್ಕು ಇಂಚು ಮಣ್ಣು ಎಳೆದರೆ ನಿಮಗೆ ತಿಳಿಯುವುದಿಲ್ಲ, ಮುಂದೆ ಅಲ್ಲಿ ಮಕ್ಕಳ ಜೋಕಾಲಿ ನೆಡುವಾಗ ತಿಳಿಯುತ್ತದೆ. ಡೆಟ್ರಾಯಿಟ್‌ನಲ್ಲಿ ಗುಂಡಿಗಳಿಗೆ ತುಂಬಿದ ಮಣ್ಣು ಎಲ್ಲಿಂದ ಬಂತು ಎಂಬುದೇ ಸರ್ಕಾರಿ ತನಿಖೆಯ ವಿಷಯವಾಯಿತು. "ಮಣ್ಣು ಎಲ್ಲಿಂದ ತರುತ್ತೀರಿ, ರಸೀದಿ ಕೊಡುತ್ತೀರಾ, ಪದರಪದರವಾಗಿ ದಮ್ಮಸ್ಸು ಮಾಡುತ್ತೀರಾ?" ಎಂದು ಕೇಳಿ. ತುಂಬುವ ಮುಂಚೆ ಇನ್‌ಸ್ಪೆಕ್ಟರ್ ತೆರೆದ ಗುಂಡಿಯನ್ನು ನೋಡಬೇಕು. ನೀವೂ ಫೋನಿನಲ್ಲಿ ಫೋಟೋ ತೆಗೆದಿಡಿ.

ಹಣವನ್ನು ಕಂತಿನಲ್ಲಿ ಕೊಡಿ, ಕೊನೆಯ ಕಂತು ನಗರದ ಅಂತಿಮ ತಪಾಸಣೆ ಆದ ಮೇಲೆ. ಕಾಂಟ್ರಾಕ್ಟರ್ ತನ್ನ ಡಂಪ್‌ಸ್ಟರಿನವರಿಗೋ ಯಂತ್ರದವರಿಗೋ ಹಣ ಕೊಡದಿದ್ದರೆ ಅವರು ನಿಮ್ಮ ಮನೆಯ ಮೇಲೆ ಲೀನ್ ಹಾಕಬಹುದು. ಯಾರ್‍ಯಾರಿಗೆ ಎಷ್ಟು ಬಾಕಿ ಎಂಬ ಪ್ರಮಾಣೀಕೃತ ಪಟ್ಟಿಯನ್ನು ಹಣಕ್ಕೆ ಮೊದಲು ಕೇಳುವ ಹಕ್ಕು ಇಲಿನಾಯ್ ಕಾನೂನಿನಲ್ಲಿ ನಿಮಗಿದೆ. ಪ್ರತಿ ಪಾವತಿಗೂ ಲೀನ್ ಬಿಟ್ಟುಕೊಟ್ಟ ಪತ್ರ ಪಡೆಯಿರಿ.

ಆ ಮೂರು ದಿನ

ಕೊನೆಗೆ ನಾವು ಆರಿಸಿದ್ದು ನಡುವಿನ ಬಿಡ್‌ನವರನ್ನು. "ಬಾಗಿಲು, ಕಿಟಕಿ, ಚಾವಣಿ ಹಲಗೆ ನಮಗೆ ಬೇಕು" ಎಂದಾಗ ಮುಖ ಸಿಂಡರಿಸಲಿಲ್ಲ, ಒಂದು ದಿನದ ಕೂಲಿ ಹೆಚ್ಚು ಎಂದು ನೇರವಾಗಿ ಹೇಳಿದರು. ಕೇಬಲ್ ಕಡಿದಾಗಲೂ ಓಡಿಹೋಗಲಿಲ್ಲ, ಬಿಲ್‌ನಲ್ಲಿ ಅರ್ಧ ಕೊಟ್ಟರು.

ಬಂದ ಮೂವರೂ ತಮ್ಮತಮ್ಮಲ್ಲಿ ಪೋಲಿಷ್ ಮಾತಾಡುತ್ತಿದ್ದರು. ಊಟದ ಹೊತ್ತಿಗೆ ಅವರಲ್ಲೊಬ್ಬರು ತಮ್ಮ ಮಗಳು ಶನಿವಾರ ಪೋಲಿಷ್ ಶಾಲೆಗೆ ಹೋಗುತ್ತಾಳೆ, ಹೋಗುವಾಗ ಪ್ರತಿ ವಾರ ಜಗಳ ಎಂದರು. ನಮ್ಮ ಮಗ ಕಿಟಕಿಯಿಂದಲೇ, "ಅಮ್ಮಾ, ಅವರಿಗೂ ಕನ್ನಡ ಕ್ಲಾಸ್ ಇದೆ!" ಎಂದ. ತಿದ್ದಲು ಹೋಗಲಿಲ್ಲ.

ಅಜ್ಜಿ, ಮೊಮ್ಮಗ ಇಬ್ಬರಿಗೂ ಅಡುಗೆಮನೆ ಕಿಟಕಿಯೇ ಗ್ಯಾಲರಿ. ಬೇಲಿಯೊಳಗೆ ಕಾಲಿಡಬಾರದು ಎಂಬುದು ಒಪ್ಪಂದ, ಅಜ್ಜಿಗೂ ಅನ್ವಯ. "ಈಗ ರೀಪು ತೆಗೀತಾ ಇದಾರೆ", "ಅದು ಪಕಾಸು", "ಜೋಪಾನ, ಮೊಳೆ ಉಂಟು" ಎಂದು ಅಜ್ಜಿಯ ವೀಕ್ಷಕ ವಿವರಣೆ. ಇಲ್ಲಿಯ ಮರದ ತುಂಡುಗಳಿಗೆ ಮಲೆನಾಡಿನ ಹೆಸರು ಪೂರ್ತಿ ಸರಿಹೊಂದುತ್ತದೋ ಇಲ್ಲವೋ, ನನಗೂ ಅವುಗಳಲ್ಲಿ ಎರಡು ಪದ ಹೊಸದು. ಮೂರನೆಯ ದಿನ ಯಂತ್ರ ಬಂದಾಗ ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಿ, ಇದು ಕೆಡವೋದು" ಎಂದ.

ಬಾಗಿಲು ರೀಸ್ಟೋರ್‌ಗೆ ಹೋಯಿತು. ಚಾವಣಿಯ ಹಲಗೆಗಳಲ್ಲಿ ಹನ್ನೆರಡನ್ನು ಮೊಳೆ ಕಿತ್ತು ಬೇಸ್‌ಮೆಂಟಿನಲ್ಲಿ ಇಟ್ಟಿದ್ದೇವೆ. ಬಣ್ಣ ಬಳಿಯದವು ಮಾತ್ರ. ಬಣ್ಣ ಇದ್ದವನ್ನು ಮನೆಯೊಳಗೆ ತರಲಿಲ್ಲ. ಚಳಿಗಾಲ ಕಳೆದ ಮೇಲೆ ಗರಾಜ್ ಇದ್ದ ಜಾಗ ಒಂದು ಮೂಲೆಯಲ್ಲಿ ಅಂಗೈಯಷ್ಟು ಕುಸಿಯಿತು. ಕರಾರಿನಲ್ಲಿ ಒಂದು ವರ್ಷದ ಮಾತು ಬರೆಸಿದ್ದರಿಂದ ಫೋನ್ ಮಾಡಿದ ವಾರದಲ್ಲೇ ಬಂದು ಮಣ್ಣು ಹಾಕಿ ಹೋದರು. ಅತ್ತೆ ಸಾಗರದಿಂದ ವಿಡಿಯೋ ಕಾಲ್ ಮಾಡಿದಾಗಲೆಲ್ಲ ಇನ್ನೂ ಕೇಳುತ್ತಾರೆ, "ಆ ಹಲಗೆ ಎಂತ ಮಾಡಿದ್ರಿ?"